ಹಳೆ ಎಸ್‌ಎಂಪಿಎಸ್: ಫ್ಯಾನ್ ತಿರುಗಿದರೆ ಸಾಲದು

ಹಳೆ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪವರ್ ಸಪ್ಲೈ ಡಬ್ಬಿ, ಸಿಕ್ಕರೆ ಜಾಸ್ತಿ ಜನ ಮಾಡುವುದು ಒಂದೇ. 24 ಪಿನ್ ಕನೆಕ್ಟರಿನ ಹಸಿರು ವೈರಿಗೂ (ಸಪ್ಲೈ ಆನ್ ಮಾಡುವುದು ಇದೇ) ಪಕ್ಕದ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸುತ್ತಾರೆ. ಫ್ಯಾನ್ ತಿರುಗಿದರೆ ಸೀದಾ ಮದರ್‌ಬೋರ್ಡಿಗೆ ಜೋಡಿಸುತ್ತಾರೆ. ಫ್ಯಾನ್ ತಿರುಗಲು ಒಂದೆರಡು ವ್ಯಾಟ್ ಸಾಕು, ಅಲ್ವಾ? ಸಪ್ಲೈ ಪೂರ್ತಿ ಸತ್ತಿಲ್ಲ ಅನ್ನುವುದು ಬಿಟ್ಟು ಅದರಿಂದ ಬೇರೇನೂ ತಿಳಿಯುವುದಿಲ್ಲ.

ಈಚೆಗೆ 450 ವ್ಯಾಟಿನ ಒಂದು ಹಳೆ ಸಪ್ಲೈ ಪರೀಕ್ಷೆ ಮಾಡಿದೆ. ಪ್ಲಗ್ ಹಾಕುವ ಮುಂಚೆ ಮೂಗಿಗೆ ಕೆಲಸ. ಜಾಲರಿಯಿಂದ ಸುಟ್ಟ ವಾಸನೆಯೋ ಮೀನಿನಂಥ ವಾಸನೆಯೋ ಬಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಇದರಲ್ಲಿ ಬರೀ ಧೂಳು. ಆಮೇಲೆ ಟಾರ್ಚ್ ಬೆಳಕು ಬಿಟ್ಟು ಕೆಪಾಸಿಟರ್‌ಗಳನ್ನು (ಚಾರ್ಜ್ ಹಿಡಿದಿಡುವ ಪುಟ್ಟ ಡಬ್ಬಿಗಳು) ನೋಡಿದೆ. ತಲೆಯ ಮೇಲಿನ ಗೀರು ಚಪ್ಪಟೆಯಾಗಿರಬೇಕು, ಉಬ್ಬಿರಬಾರದು. ಕಂದು ಪುಡಿ ಅಂಟಿರಬಾರದು. ಕೆಲವು ತಲೆ ಉಬ್ಬದೆ ಬುಡದ ರಬ್ಬರನ್ನೇ ಹೊರಗೆ ತಳ್ಳಿ ಓರೆಯಾಗಿ ನಿಂತಿರುತ್ತವೆ, ಅವನ್ನೂ ಬಿಡುವ ಹಾಗಿಲ್ಲ. 2000ದ ಆಸುಪಾಸಿನ ಸಾಮಾನಿನಲ್ಲಿ ಇಂಥವು ತುಂಬಾ.

ಹಿಂಬದಿಯಲ್ಲಿ 115/230 ಸ್ವಿಚ್ ಇದ್ದರೆ ಸರಿಯಾದ ಕಡೆ ಇದೆಯಾ ನೋಡಿ. 230 ವೋಲ್ಟ್ ಲೈನಿಗೆ 115ರಲ್ಲಿಟ್ಟು ಆನ್ ಮಾಡಿದರೆ ಢಂ ಅನ್ನುವುದು ಗ್ಯಾರಂಟಿ. ಪ್ಲಗ್ಗಿನ ಅರ್ತ್ ಪಿನ್ನಿಗೂ ತಗಡಿನ ಡಬ್ಬಿಗೂ ಮೀಟರ್ ಹಿಡಿದರೆ ಒಂದು ಓಮ್‌ಗಿಂತ ಕಡಿಮೆ ಬರಬೇಕು. ಅರ್ತ್ ಕಡಿದಿದ್ದರೆ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ದಾರಿಯಲ್ಲಿ ಡಬ್ಬಿಗೆ ಕರೆಂಟ್ ಬಂದು, ಮುಟ್ಟಿದರೆ ಜುಮ್ ಅನ್ನುತ್ತದೆ.

ಮುಚ್ಚಳ ತೆಗೆಯುವುದು ಅಭ್ಯಾಸ ಇಲ್ಲದವರು ಬೇಡವೇ ಬೇಡ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 325ರಿಂದ 400 ವೋಲ್ಟ್ ವರೆಗೆ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸುಮಾರು ಹೊತ್ತು ನಿಂತಿರಬಹುದು.

ಮೊದಲ ಸಲ ಕರೆಂಟ್ ಕೊಡುವುದು ಸೀರೀಸ್ ಬೋರ್ಡಿನಿಂದ, ಅಂದರೆ ಕರೆಂಟ್ 100 ವ್ಯಾಟಿನ ಒಂದು ಫಿಲಮೆಂಟ್ ಬಲ್ಬಿನ ಮೂಲಕವೇ ಹಾದು ಬರುವ ಹಾಗೆ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಸರಿ. ಹಾಗೇ ಉರಿಯುತ್ತಿದ್ದರೆ ಒಳಗೆ ಶಾರ್ಟ್. ಇದರಲ್ಲಿ ಮಿಂಚಿ ಆರಿತು. ನೇರಳೆ ವೈರಿನ ಸ್ಟ್ಯಾಂಡ್‌ಬೈ (ಕಂಪ್ಯೂಟರ್ ಆಫ್ ಇದ್ದಾಗಲೂ ಇರುವ 5 ವೋಲ್ಟ್) 5.04 ತೋರಿಸಿತು. ಸೀರೀಸ್ ಬೋರ್ಡ್ ತೆಗೆದು ನೇರ ಲೈನಿಗೆ ಹಾಕಿ ಹಸಿರು ವೈರ್ ಜೋಡಿಸಿದರೆ ಹಳದಿ 12.15, ಕೆಂಪು 5.08, ಕಿತ್ತಳೆ 3.33. ಇವು 12, 5, 3.3 ವೋಲ್ಟ್ ಇರಬೇಕು, ಎಲ್ಲವೂ ಐದು ಪರ್ಸೆಂಟ್ ಮಿತಿಯೊಳಗೆ. ಸುಮ್ನೆ ಇಲ್ಲಿಗೇ ಬಿಟ್ಟಿದ್ದರೆ ಇದು ಪಾಸ್.

ನಿಜವಾದ ಪರೀಕ್ಷೆ ಲೋಡಿನಲ್ಲಿ. ನಾನು ವಾಹನಗಳ 21 ವ್ಯಾಟಿನ ಬ್ರೇಕ್ ಬಲ್ಬ್ ಬಳಸುತ್ತೇನೆ. 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಬೇಡ. ತಣ್ಣಗಿನ ಫಿಲಮೆಂಟ್ ಮೊದಲ ಕ್ಷಣ ಸಿಕ್ಕಾಪಟ್ಟೆ ಕರೆಂಟ್ ಎಳೆಯುವುದರಿಂದ ಒಳ್ಳೆಯ ಸಪ್ಲೈ ಕೂಡ ಟ್ರಿಪ್ ಆಗಬಹುದು. ಕೆಂಪು ವೈರಿಗೂ ಒಂದು ಬಲ್ಬ್ ಬೇಕು. ಮಂಕಾಗಿ ಉರಿಯುತ್ತದೆ, ಪರವಾಗಿಲ್ಲ. ಹಳೆ ಸಪ್ಲೈಗಳಲ್ಲಿ 12 ಮತ್ತು 5 ವೋಲ್ಟ್ ಒಟ್ಟಿಗೆ ರೆಗ್ಯುಲೇಟ್ ಆಗುವುದೇ ಜಾಸ್ತಿ. ಒಂದಕ್ಕೆ ಮಾತ್ರ ಲೋಡ್ ಕೊಟ್ಟರೆ ಅದು ಇಳಿದು ಇನ್ನೊಂದು ಏರುತ್ತದೆ, ನಮಗೆ ಇಲ್ಲದ ತೊಂದರೆ ಕಾಣುತ್ತದೆ.

ಹಳದಿಗೆ ಒಂದು ಬಲ್ಬ್ ಹಾಕಿದಾಗ 11.8. ಎರಡನೆಯದಕ್ಕೆ 11.28, ಅಂದರೆ 11.40ರ ಮಿತಿಗಿಂತ ಕೆಳಗೆ. 450 ವ್ಯಾಟ್ ಅಂತ ಬರೆದುಕೊಂಡದ್ದು ಮೂರೂವರೆ ಆಂಪಿಯರಿಗೇ ಹೀಗೆ! ಆಸಿಲೋಸ್ಕೋಪಿನಲ್ಲಿ 12 ವೋಲ್ಟಿನ ರಿಪಲ್ (ಡಿಸಿ ಮೇಲಿನ ಏರಿಳಿತ) ನೋಡಿದೆ. 120 ಮಿಲಿವೋಲ್ಟ್ ಮೀರಬಾರದು, ಇದು 300ರ ಹತ್ತಿರ ಇತ್ತು. ಒಣಗಿದ ಕೆಪಾಸಿಟರಿನ ಲಕ್ಷಣ ಇದೇ. ಮೀಟರಿನ ಡಿಸಿ ರೇಂಜಿಗೆ ಇದು ಕಾಣುವುದೇ ಇಲ್ಲ.

ಔಟ್‌ಪುಟ್ ಕೆಪಾಸಿಟರ್ ಬದಲಿಸಬಹುದಿತ್ತು. 105 ಡಿಗ್ರಿಯ, ಲೋ ಇಎಸ್‌ಆರ್ (ಒಳಗಿನ ಪ್ರತಿರೋಧ ಕಡಿಮೆ ಇರುವ) ಆದವು ಬೇಕು. ಆದರೆ ಲೈನ್ ಫಿಲ್ಟರ್ (ಕರೆಂಟ್ ಲೈನಿನ ಗದ್ದಲ ತಡೆಯುವ ಭಾಗ) ಇರಬೇಕಾದ ಜಾಗದಲ್ಲಿ ಬರೀ ತಂತಿ ಜಂಪರ್ ಹಾಕಿದ ಸಪ್ಲೈ ಇದು. ಫ್ಯಾನ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಇ-ತ್ಯಾಜ್ಯಕ್ಕೆ ಹಾಕಿದೆ. ಇನ್ಯಾರೂ ಪ್ಲಗ್ಗಿಗೆ ಹಾಕದ ಹಾಗೆ ವೈರುಗಳನ್ನು ಬುಡದಲ್ಲೇ ಕತ್ತರಿಸಿದೆ.