ಎರೆಹೊಲದ ಮೇಲೆ ಹಗುರ ಗ್ಲೈಡರ್: ಮೊದಲು ಇಳಿಯುವುದನ್ನು ಕಲಿಯಿರಿ

ಶಿವರಾತ್ರಿ ಮುಗಿದ ಮೇಲೆ ವಿಜಯಪುರದಲ್ಲಿ ಮಧ್ಯಾಹ್ನ ಒಮ್ಮೆ ತಲೆ ಎತ್ತಿ ನೋಡಿ. ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತಿರುತ್ತದೆ. ಕಾದ ಎರೆಮಣ್ಣಿನಿಂದ ಏಳುವ ಬಿಸಿಗಾಳಿ, ಅಂದರೆ ಥರ್ಮಲ್, ಅದನ್ನು ಎತ್ತುತ್ತಿದೆ. ಎಂಜಿನ್ ಇಲ್ಲದ ಪುಟ್ಟ ವಿಮಾನವಾದ ನಮ್ಮ ಗ್ಲೈಡರ್‌ಗೂ ಅದೇ ಎಂಜಿನ್.

ಕೊಳ್ಳುವ ಮೊದಲು ಕಲಿಯಿರಿ. ಪುಣೆಯ ಹಡಪ್ಸರ್‌ನಲ್ಲಿ ಗ್ಲೈಡಿಂಗ್ ಸೆಂಟರ್ ಇದೆ. ತರಬೇತಿಗೆ ಜಾಗ ಇದೆಯಾ ಎಂದು ಕೇಳಿಕೊಂಡೇ ಹೊರಡಿ. ಗ್ಲೈಡರ್‌ಗೆ ನೋಂದಣಿ ಬೇಕು, ನಿಮಗೆ ಲೈಸೆನ್ಸ್ ಬೇಕು. ಮುಂಗಡ ಕೊಡುವ ಮುಂಚೆಯೇ ಈ ಕಾಗದಪತ್ರದ ವಿಷಯ ಬಗೆಹರಿಸಿಕೊಳ್ಳಿ. ಬೆಳಗಾವಿಯವರಾದರೆ ಸಾಂಬ್ರಾ ವಿಮಾನ ನಿಲ್ದಾಣದ ಸುತ್ತ ಅನುಮತಿ ಇಲ್ಲದೆ ಹಾರಲೇಬೇಡಿ, ಅಲ್ಲಿ ವಾಯುಪಡೆಯೂ ಇದೆ.

70 ಕೆ.ಜಿ. ಆಸುಪಾಸಿನ ಗ್ಲೈಡರ್‌ಗಳು ನಿಧಾನವಾಗಿ, ಸಣ್ಣ ಸುತ್ತಿನಲ್ಲಿ ತಿರುಗುತ್ತವೆ. ಹಾಗಾಗಿ ಚಿಕ್ಕ ಥರ್ಮಲ್ ಕೂಡ ಸಾಕು. ಆದರೆ ಎದುರುಗಾಳಿಯಲ್ಲಿ ಇವು ಮುಂದೆ ಹೋಗುವುದೇ ಕಷ್ಟ. ಗ್ಲೈಡರ್ ವಿವರದಲ್ಲಿ ಜಾರುವ ಅನುಪಾತ 30:1 ಅಂತ ಬರೆದಿದ್ದರೆ 1000 ಮೀಟರ್ ಎತ್ತರದಿಂದ 30 ಕಿ.ಮೀ. ಹೋಗಬಹುದು, ಅದೂ ಗಾಳಿ ಸುಮ್ಮನಿದ್ದಾಗ. ನೀವು ಅದರ ಅರ್ಧವನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಜೋಳ ಕಿತ್ತ ಒಣ ಹೊಲದ ಮೇಲೆ ಎತ್ತುವ ಗಾಳಿ ಚೆನ್ನಾಗಿ ಸಿಗುತ್ತದೆ. ನೀರು ಹಾಯಿಸಿದ ಕಬ್ಬಿನ ಮೇಲೆ, ಆಲಮಟ್ಟಿ ಹಿನ್ನೀರಿನ ಮೇಲೆ ಏನೂ ಸಿಗುವುದಿಲ್ಲ ಅಂದುಕೊಂಡೇ ಹೋಗಿ. ಗ್ಲೈಡರ್ ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳುವ ವೇರಿಯೋಮೀಟರ್ ಏರುತ್ತಿದೆ ಎಂದು ಕೂಗಿದ ತಕ್ಷಣ ತಿರುಗಬೇಡಿ, ಒಂದೆರಡು ಸೆಕೆಂಡ್ ತಡೆದು ತಿರುಗಿ. ಥರ್ಮಲ್ ಒಳಗೆ ಬೇರೆ ಗ್ಲೈಡರ್ ಇದ್ದರೆ ಅದು ಸುತ್ತುವ ದಿಕ್ಕಿನಲ್ಲೇ ಸುತ್ತಿ. ಭರಣಿ, ಕೃತ್ತಿಕಾ ಮಳೆಯ ದಿನಗಳಲ್ಲಿ ದೂರದಲ್ಲಿ ಮೋಡ ಕಪ್ಪಾಗಿ ಗೋಪುರದಂತೆ ಬೆಳೆಯುತ್ತಿದ್ದರೆ ಆಗಲೇ ಇಳಿದುಬಿಡಿ. ಮಳೆ ಬರುವ ಮುಂಚೆಯೇ ಅದರ ಗಾಳಿ ಬಂದು ಹೊಡೆಯುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಥರ್ಮಲ್ ಕೈಕೊಟ್ಟ ದಿನ ನೀವು ಯಾರದೋ ಹೊಲದಲ್ಲಿ ಇಳಿಯಲೇಬೇಕು. ನೆಲದಿಂದ 600 ಮೀಟರ್ ಇರುವಾಗ ಪ್ರದೇಶ ಆರಿಸಿ, 450ಕ್ಕೆ ಹೊಲ ಆರಿಸಿ, 300ಕ್ಕೆ ಬಂದ ಮೇಲೆ ಥರ್ಮಲ್ ಆಸೆ ಪೂರ್ತಿ ಬಿಡಿ. ವಿಜಯಪುರದ ನೆಲವೇ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಎತ್ತರ ತೋರಿಸುವ ಆಲ್ಟಿಮೀಟರ್ ಓದುವಾಗ ಇದು ಮರೆತರೆ ದೊಡ್ಡ ಅಪಾಯ. ಗಾಳಿಯ ದಿಕ್ಕನ್ನು ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ಅಥವಾ ರವದಿ ಸುಡುವ ಹೊಗೆ ಹೇಳುತ್ತದೆ. ಮೇಲಿನಿಂದ ತಂತಿ ಕಾಣುವುದಿಲ್ಲ, ಕಂಬ ಹುಡುಕಿ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳು ಮೇಲಿಂದ ಮೆತ್ತಗೆ ಹಸಿರಾಗಿ ಕಂಡರೂ ಒಳಗೆಲ್ಲ ಕಂಬ, ತಂತಿ. ಎತ್ತರದ ಕಬ್ಬೂ ಬೇಡ, ರೆಕ್ಕೆ ಸಿಕ್ಕಿಕೊಂಡರೆ ಗ್ಲೈಡರ್ ಗಿರ್ರನೆ ತಿರುಗಿಬಿಡುತ್ತದೆ. ಒಡ್ಡು ಇದ್ದರೆ ಅದನ್ನು ಅಡ್ಡ ದಾಟದೆ ಉದ್ದಕ್ಕೆ ಇಳಿಯಿರಿ, ನೇಗಿಲ ಸಾಲಿಗೂ ಅಷ್ಟೇ. ಏಪ್ರಿಲ್‌ನಲ್ಲಿ ಎರೆಮಣ್ಣು ಬಾಯಿ ಬಿಡುತ್ತದೆ ಅಲ್ವಾ, ನಾನು ಒಂದು ಬಿರುಕಿನಲ್ಲಿ ಕೈ ಇಳಿಸಿ ನೋಡಿದ್ದೇನೆ, ಮೊಣಕೈವರೆಗೆ ಹೋಯಿತು. ಗ್ಲೈಡರ್‌ನ ಪುಟ್ಟ ಚಕ್ರಕ್ಕೆ ಅದು ಗುಂಡಿಯೇ. ಅದಕ್ಕೇ ವಾರಾಂತ್ಯಕ್ಕೊಮ್ಮೆ ಬೈಕ್ ತೆಗೆದುಕೊಂಡು ಹೋಗಿ, ನೀವು ಹಾರುವ ದಾರಿಯ ಹೊಲಗಳನ್ನು ನಡೆದು ನೋಡಿ ಬನ್ನಿ.

ರೆಕ್ಕೆ ಜೋಡಿಸುವಾಗ ಯಾರ ಜೊತೆಗೂ ಮಾತು ಬೇಡ. ಪಿನ್‌ಗಳನ್ನು ಎರಡು ಸಲ ನೋಡಿ. ಆಮೇಲೆ ಒಬ್ಬರು ರೆಕ್ಕೆಯ ಹಿಂದಿನ ಹಲಗೆಯನ್ನು ಕೈಯಲ್ಲಿ ಒತ್ತಿ ಹಿಡಿದಿರಲಿ, ನೀವು ಒಳಗಿಂದ ಗ್ಲೈಡರ್ ನಡೆಸುವ ಸ್ಟಿಕ್ ಆಡಿಸಿ, ಜೋಡಣೆ ಸರಿಯಿದೆಯಾ ಗೊತ್ತಾಗುತ್ತದೆ. ಬಾಲದಲ್ಲೂ ಹೀಗೇ ನೋಡಿ. ಬಿಸಿಲಲ್ಲಿ ಬಿಳಿ ಹೊದಿಕೆ ಹಾಕಿಡಿ. ನೀರು ಜಾಸ್ತಿ ಕುಡಿಯಿರಿ, ಬಾಯಾರಿ ತಲೆ ಸುತ್ತಿದರೆ ಹೊಲ ಆರಿಸುವ ಬುದ್ಧಿಯೇ ಓಡುವುದಿಲ್ಲ.

ಹೊಲದಲ್ಲಿ ಇಳಿದ ಮೇಲೆ ಮೊದಲು ರೈತರನ್ನು ಮಾತನಾಡಿಸಿ, ಬೆಳೆ ಹಾಳಾಗಿದ್ದರೆ ಅಲ್ಲೇ ದುಡ್ಡು ಕೊಡಿ. ಐದು ನಿಮಿಷದಲ್ಲಿ ಊರಿನ ಮಕ್ಕಳೆಲ್ಲ ಸೇರುತ್ತಾರೆ. ರೆಕ್ಕೆಯ ತುದಿಯನ್ನು ಒಬ್ಬ ಹಿರಿಯರ ಕೈಗೆ ಕೊಟ್ಟು, ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಒಳಗೆಲ್ಲ ತೋರಿಸಿ. ಗ್ಲೈಡರ್ ಒಯ್ಯುವ ಟ್ರೇಲರ್ ಬರುವಷ್ಟರಲ್ಲಿ ಹೇಗೂ ಒಂದೆರಡು ತಾಸು ಇರುತ್ತದೆ.