ನೀರು ಬಂದರೆ ಲೀಜು, ಬಾರದಿದ್ದರೆ ಸೊನ್ನೆ

ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದಲ್ಲಿ, ರಾಯಚೂರು ಜಿಲ್ಲೆಯ ಮಾನ್ವಿ–ಸಿರವಾರ ಕಡೆ, ಲೀಜಿಗೆ ಭತ್ತ ಬೆಳೆಯುವ ರೈತ ಮುಳುಗುವುದು ಯುಗಾದಿಗೆ ಕೊಡುವ ಮುಂಗಡದಲ್ಲೇ. ಎರಡು ಬೆಳೆಗೆಂದು ಎಕರೆಗೆ 30 ಸಾವಿರದ ಹತ್ತಿರ ಎಣಿಸಿದ್ದೆವು, ಅದೂ ನೂರಕ್ಕೆ ಮೂರರ ಬಡ್ಡಿಗೆ ತಂದು. 2023ರಲ್ಲಿ ಡ್ಯಾಂ ತುಂಬಲಿಲ್ಲ, ಎರಡನೇ ಬೆಳೆಗೆ ನೀರಿಲ್ಲ. ಹಣ ವಾಪಸ್ ಕೇಳಿದರೆ ಹೊಲದ ಮಾಲೀಕರು ‘ನೀರು ನಾನು ಬಿಡ್ತೀನೇನು?’ ಅಂದರು. ಹನ್ನೊಂದು ಎಕರೆಗೆ ಒಂದೂವರೆ ಲಕ್ಷ ಹೋಯಿತು.

ಈಗಿನ ಕರಾರು ಹಣದ್ದಲ್ಲ, ಭತ್ತದ ಚೀಲದ್ದು. 75 ಕೆಜಿ ಚೀಲ, ರಾಶಿ ಆದಮೇಲೆ ಕಣದಲ್ಲೇ ತೂಕ. ಮುಂಗಾರಿಗೆ ನೀರು ಕೊನೆತನಕ ಬಂದರೆ ಎಕರೆಗೆ ಹತ್ತು. ಹೊಡೆ ತುಂಬುವ ಹೊತ್ತಿಗೆ ನಿಂತರೆ ಐದು. ಎರಡನೇ ಬೆಳೆಗೆ ನೀರಿಲ್ಲದಿದ್ದರೆ ಸೊನ್ನೆ, ಜೋಳ ಬಿತ್ತಿದರೆ ಮಾತ್ರ ಒಂದು ಕ್ವಿಂಟಲ್. ‘ಯಾವ ಮಾಲೀಕ ಒಪ್ತಾನೆ?’ ಅಂದವರೇ ಹೆಚ್ಚು. ಹೊಲ ಬೀಳು ಬಿದ್ದದ್ದನ್ನು ಕಂಡ ಮೂವರು ಒಪ್ಪಿದರು. ಮೊದಲನೆಯವರನ್ನು ಒಪ್ಪಿಸಿದ ಬಗೆ ಬರೆಯಲ್ಲ, ಪಕ್ಕದ ಹೊಲದ ಮೇಲೂ ನಮ್ಮ ಕಣ್ಣಿದೆ. 2025ರ ಎರಡನೇ ಬೆಳೆಗೆ, ಡ್ಯಾಂನ ಗೇಟ್ ಬದಲಿಸಲೆಂದು ನೀರು ಬಿಡದಾಗ, ನಕ್ಕವರೇ ಕರಾರಿನ ನಕಲು ಕೇಳಿದರು.

ಮಾಲೀಕರ ಅಂಜಿಕೆ 1974ರದು. ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ಕಿತ್ತುಹಾಕಿತು. ಪಹಣಿಯಲ್ಲಿ ಸಾಗುವಳಿದಾರರ ಹೆಸರಿರುವ 12ನೇ ಕಾಲಂಗೆ ಬೇರೆಯವರ ಹೆಸರು ಏರೀತೆಂದು ಎರಡು ವರ್ಷಕ್ಕೊಮ್ಮೆ ಲೀಜುದಾರರನ್ನೇ ಬದಲಿಸುವವರಿದ್ದಾರೆ. ಬೆಳೆಸಾಲ, ಬೆಂಬಲ ಬೆಲೆ, ವಿಮೆ ಎಲ್ಲ ಪಹಣಿ ಇದ್ದವರ ಕಡೆಗೇ. ಹಾಗಂತ ಸಾಲಕ್ಕೆ ದಲಾಲಿ ಅಂಗಡಿಯೇ ಗತಿ ಅಂದುಕೊಳ್ಳಬೇಡಿ. ಒಬ್ಬರಿಗೊಬ್ಬರು ಹೊಣೆಯಾಗಿ ಬ್ಯಾಂಕ್ ಸಾಲ ಪಡೆಯುವ, ನಾಲ್ಕರಿಂದ ಹತ್ತು ಜನರ ಜಂಟಿ ಬಾಧ್ಯತಾ ಗುಂಪು ಇರುವುದೇ ಗೇಣಿದಾರರಂಥವರಿಗೆ. ಒಂದು ಬ್ಯಾಂಕ್ ಶಾಖೆ ಪಹಣಿ ತನ್ನಿ ಎಂದು ಎರಡು ಸಲ ತಿರುಗಿಸಿತು; ಇನ್ನೊಂದರಲ್ಲಿ ಐವರಿಗೆ ಸಿಕ್ಕಿತು. ಅಂಗಡಿಯ ಸಾಲವಿಲ್ಲದಿದ್ದರೆ ಭತ್ತ ಯಾರಿಗೆ ಮಾರಬೇಕೆಂಬುದೂ ನಮ್ಮ ಕೈಲಿ.

ನಾಟಿ ಬಿಟ್ಟು ಕೂರಿಗೆ ಹೂಡಿದ್ದರಿಂದ ಸಸಿಮಡಿ, ಕೆಸರುಗದ್ದೆ, ಕೂಲಿ ಸೇರಿ ಎಕರೆಗೆ ಎಂಟು ಸಾವಿರ ಉಳಿಯಿತು. ಬೀಜ ಹತ್ತು-ಹನ್ನೆರಡು ಕೆಜಿ, ಒಂದೂವರೆ ಇಂಚಿಗಿಂತ ಆಳ ಬೇಡ. ಮೊದಲ ವರ್ಷ ಕಳೆನಾಶಕ ಪೆಂಡಿಮೆಥಾಲಿನ್ ಒಣ ಮಣ್ಣಿಗೆ ಹೊಡೆದು ಕೆಟ್ಟೆವು: ಕಳೆಯೇ ಗೆದ್ದಿತು, ತೆಗೆಸಲು ಐದು ಸಾವಿರ ದಂಡ. ಹಸಿ ಇರುವಾಗ, ಬಿತ್ತಿದ ಎರಡು-ಮೂರು ದಿನದೊಳಗೆ ಹೊಡೆಯಬೇಕು. ಆಮೇಲೆ ಎಳೆ ಎಲೆ ಬೆಳ್ಳಗಾದರೆ ಯೂರಿಯಾ ಸುರಿಯಬೇಡಿ, ಅದು ಕಬ್ಬಿಣದ ಕೊರತೆ. ಲೀಟರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ತುಸು ನಿಂಬೆರಸ. ಒಂದು ಎಕರೆಗೆ ತೊಗರಿ ಹಾಕಿ ನೋಡಿದೆವು, ನೀರು ನಿಂತು ಕೊಳೆಯಿತು.

ಒಂದು ಬೆಳೆಗೆ ಎಕರೆಯ ಲೆಕ್ಕ ಹೀಗೆ: ಮೂವತ್ತು ಚೀಲ, ಚೀಲಕ್ಕೆ 1,700ರ ಆಸುಪಾಸು, ಖರ್ಚು 28 ಸಾವಿರ, ಲೀಜಿನ ಹತ್ತು ಚೀಲಕ್ಕೆ 17 ಸಾವಿರ. ಉಳಿದದ್ದು ಆರು ಸಾವಿರ, ಮನೆಯವರ ಕೂಲಿ ಬೇರೆ ಹಿಡಿದಿಲ್ಲ. ವಿಮೆ ಹಣ ಬಂದರೆ ಯಾರಿಗೆಂಬುದು ಇನ್ನೂ ಬಾಯಿಮಾತು. ಒಬ್ಬ ಮಾಲೀಕರು ಅರ್ಧರ್ಧ ಅಂದಿದ್ದಾರೆ, ಉಳಿದಿಬ್ಬರು ಮಾತು ತೇಲಿಸುತ್ತಾರೆ.