ಲ್ಯಾಂಪ್ರೆ ಮರಿಗಳ ಜಾತಿ ಗುರುತಿಸಿದ ಬಗೆ: ನನ್ನ ಅನುಭವ

ಅಮೆರಿಕದ ಮಿಷಿಗನ್ ರಾಜ್ಯದ ಹೊಳೆಗಳಲ್ಲಿ ಹಿಡಿದ ಲ್ಯಾಂಪ್ರೆ ಮರಿಗಳ ಜಾತಿಯನ್ನು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಡಿಎನ್‌ಎಯಿಂದ ಗುರುತಿಸುವುದು ಪ್ರಯೋಗಾಲಯದಲ್ಲಿ ನನ್ನ ಪಾಲಿಗೆ ಬಂದ ಕೆಲಸ. ದವಡೆಯಿಲ್ಲದ ಈ ಮೀನುಗಳ ಪೈಕಿ ಕಡಲ ಲ್ಯಾಂಪ್ರೆಯು 1921ರಲ್ಲಿ ಉತ್ತರ ಅಮೆರಿಕದ ಮಹಾ ಸರೋವರಗಳಲ್ಲೊಂದಾದ ಈರಿಯಲ್ಲಿ ಕಾಣಿಸಿಕೊಂಡು, ಮುಂದೆ ಅದರ ಮೇಲಿನ ಮಹಾ ಸರೋವರಗಳಿಗೂ ಹರಡಿ, ಟ್ರೌಟ್ ಮೀನುಗಾರಿಕೆ ನೆಲಕಚ್ಚಲು ಮುಖ್ಯ ಕಾರಣವಾಯಿತು. ಅದರ ಮರಿಗಳನ್ನು ಕೊಲ್ಲಲು ಹೊಳೆಗೆ ಬಿಡುವ ಟಿಎಫ್‌ಎಂ ಎಂಬ ರಾಸಾಯನಿಕಕ್ಕೆ ಸ್ಥಳೀಯ ಲ್ಯಾಂಪ್ರೆಗಳೂ ಬಲಿಯಾಗುವುದರಿಂದ ಯಾವ ಹೊಳೆಯ ಹೂಳಿನಲ್ಲಿ ಯಾವ ಜಾತಿಯಿದೆ ಎಂಬುದು ತಿಳಿದಿರಬೇಕು. ಎಳೆಯ ಮರಿಗಳಿಗಾದರೋ ಹಲ್ಲಿಲ್ಲ, ಕಣ್ಣು ಸರಿಯಾಗಿ ಮೂಡಿರುವುದಿಲ್ಲ. ಎಲ್ಲವೂ ಎರೆಹುಳುಗಳಂತೆ ಒಂದೇ ಬಗೆ.

ಬಾಲದ ರೆಕ್ಕೆಯಿಂದ ಒಂದೆರಡು ಮಿಲಿಮೀಟರ್ ತುಣುಕು ಕತ್ತರಿಸಿ, ಎಥನಾಲ್‌ನಲ್ಲಿಟ್ಟು, ಅಂಗಾಂಶವನ್ನು ಕರಗಿಸುವ ಪ್ರೋಟೀನೇಸ್ ಕೆ ಕಿಣ್ವದೊಡನೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಡುತ್ತಿದ್ದೆ. ಒಂದೊಂದು ಜೀವಕೋಶದಲ್ಲೂ ಈ ಡಿಎನ್‌ಎಯ ಪ್ರತಿಗಳು ಹೇರಳವಾಗಿರುವುದರಿಂದ ಅಷ್ಟು ಅಂಗಾಂಶ ಧಾರಾಳವಾಗಿ ಸಾಲುತ್ತದೆ.

ನಿಜವಾದ ಯೋಚನೆ ಬೇಕಾದದ್ದು ಪ್ರೈಮರ್‌ಗಳ, ಅಂದರೆ ಡಿಎನ್‌ಎಯ ಬೇಕಾದ ಭಾಗವನ್ನು ನಕಲು ಮಾಡಲು ಅದರ ತುದಿಗಳಿಗೆ ಅಂಟಿಸುವ ಕಿರು ತುಣುಕುಗಳ, ಆಯ್ಕೆಗೆ. 1995ರಲ್ಲಿ ಪ್ರಕಟವಾದ ಕಡಲ ಲ್ಯಾಂಪ್ರೆಯ ಮೈಟೊಕಾಂಡ್ರಿಯ ಅನುಕ್ರಮದ (ಡಿಎನ್‌ಎ ಅಕ್ಷರಗಳಾದ ಬೇಸ್‌ಗಳ ಸಾಲಿನ) ಉದ್ದ 16,201 ಬೇಸ್ ಜೋಡಿ. ಜೀನುಗಳು ಉಳಿದ ಕಶೇರುಕಗಳಲ್ಲಿರುವಂತೆಯೇ 37. ಆದರೆ ಥ್ರಿಯೋನಿನ್ ಮತ್ತು ಗ್ಲುಟಾಮಿಕ್ ಆಮ್ಲದ ಟಿಆರ್‌ಎನ್‌ಎ (ಪ್ರೋಟೀನ್ ಕಟ್ಟುವಾಗ ಅಮೈನೋ ಆಮ್ಲವನ್ನು ಹೊತ್ತು ತರುವ ಅಣು) ಜೀನುಗಳ ನೆಲೆ ಬದಲಾಗಿದೆ, ಪ್ರೋಟೀನ್ ಸಂಕೇತವಿಲ್ಲದ ದೊಡ್ಡ ಭಾಗಗಳೂ ಎರಡಿವೆ. ಹಾಗಾಗಿ ಮೂಳೆಮೀನುಗಳಿಗೆಂದು ರೂಪಿಸಿದ, ಥ್ರಿಯೋನಿನ್ ಟಿಆರ್‌ಎನ್‌ಎಯಲ್ಲಿ ನೆಲೆಯೂರುವ ಪ್ರೈಮರ್‌ಗಳನ್ನು ನಾನು ನಂಬಲಿಲ್ಲ. ಲ್ಯಾಂಪ್ರೆಗಳದೇ ಅನುಕ್ರಮಗಳನ್ನು ಹೋಲಿಸಿ, ಸೈಟೋಕ್ರೋಮ್ ಬಿ ಎಂಬ ಪ್ರೋಟೀನಿನ ಜೀನಿನ ಒಳಗೇ ಕೂರುವ ಜೋಡಿಯನ್ನು ಆರಿಸಿಕೊಂಡೆ. ದವಡೆಯಿಲ್ಲದ ಇನ್ನೊಂದು ಗುಂಪಾದ ಹ್ಯಾಗ್‌ಫಿಶ್‌ಗಳು ಮಾತ್ರ ಕಶೇರುಕಗಳ ಸಾಮಾನ್ಯ ಕ್ರಮವನ್ನೇ ಉಳಿಸಿಕೊಂಡಿರುವುದು ನನಗೆ ಇಂದಿಗೂ ಸೋಜಿಗ.

ಅನುಕ್ರಮ ಕೈಗೆ ಬಂದೊಡನೆ ಅದನ್ನು ಅಮೈನೋ ಆಮ್ಲಗಳಾಗಿ ಓದಿ ನೋಡುತ್ತಿದ್ದೆ. ಮೂರು ಮೂರು ಬೇಸ್‌ಗಳ ಸಂಕೇತಗಳ ಸಾಮಾನ್ಯ ಕೋಷ್ಟಕಕ್ಕಿಂತ ಭಿನ್ನವಾಗಿ, ಕಶೇರುಕಗಳ ಮೈಟೊಕಾಂಡ್ರಿಯದಲ್ಲಿ ಟಿಜಿಎ ಎಂದರೆ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ, ಎಜಿಎ ಎಂದರೆ ಪ್ರೋಟೀನಿನ ನಿಲುಗಡೆ. ತಂತ್ರಾಂಶದಲ್ಲಿ ಈ ಕೋಷ್ಟಕವನ್ನು ಆರಿಸದಿದ್ದರೆ ಒಳ್ಳೆಯ ಅನುಕ್ರಮವೂ ನಡುವೆಯೇ ಮುರಿದಂತೆ ತೋರುತ್ತದೆ. ಸರಿಯಾದ ಕೋಷ್ಟಕದಲ್ಲೂ ನಡುವೆ ನಿಲುಗಡೆ ಬಂದರೆ, ಅದು ಕೋಶಕೇಂದ್ರಕ್ಕೆ ಸೇರಿಹೋದ ಹಳೆಯ ಪ್ರತಿಯಿರಬಹುದೆಂದು ಆ ಮಾದರಿಯನ್ನು ಬದಿಗಿಡುತ್ತಿದ್ದೆ.

ಕಡಲ ಲ್ಯಾಂಪ್ರೆ ಮತ್ತು ಅಮೆರಿಕನ್ ಬ್ರೂಕ್ ಲ್ಯಾಂಪ್ರೆಗಳು ಈ ವಿಧಾನದಲ್ಲಿ ಸ್ಪಷ್ಟವಾಗಿ ಬೇರ್ಪಡುತ್ತವೆ. ಸಿಲ್ವರ್ ಲ್ಯಾಂಪ್ರೆ ಮತ್ತು ನಾರ್ದರ್ನ್ ಬ್ರೂಕ್ ಲ್ಯಾಂಪ್ರೆಗಳ ಸಂಗತಿ ಬೇರೆ: ಬೆಳೆದ ಮೇಲೆ ಮೊದಲನೆಯದು ಮೀನುಗಳಿಗೆ ಅಂಟಿ ರಕ್ತ ಹೀರುತ್ತದೆ, ಎರಡನೆಯದು ಏನನ್ನೂ ತಿನ್ನದೆ ಮೊಟ್ಟೆಯಿಟ್ಟು ಸಾಯುತ್ತದೆ, ಆದರೂ ಅವುಗಳ ಮೈಟೊಕಾಂಡ್ರಿಯದ ಡಿಎನ್‌ಎ ಜಾತಿಭೇದವನ್ನು ತೋರಿಸುವುದಿಲ್ಲ. ಅಂಥ ಮರಿಗಳ ಎದುರು ವರದಿಯಲ್ಲಿ ಆ ಎರಡೂ ಜಾತಿಗಳು ಸೇರುವ ಇಕ್ತಿಯೋಮೈಝಾನ್ ಎಂಬ ಕುಲದ ಹೆಸರನ್ನಷ್ಟೇ ಬರೆದೆ.